ಊರು ಸೇರಿತು, ಸಭೆ ಹೋಯಿತು: ದಕ್ಷಿಣ ಬೆಂಗಳೂರಿನ ಸ್ಥಳೀಯ ಆಡಳಿತದ ಒಂದು ಸಮೀಕ್ಷೆ

2007ರ ಜನವರಿಯಲ್ಲಿ ಹೊರಬಿದ್ದ ಒಂದು ಸರ್ಕಾರಿ ಅಧಿಸೂಚನೆಯೊಂದಿಗೆ ಬೊಮ್ಮನಹಳ್ಳಿ ನಗರಸಭೆ ಇಲ್ಲವಾಯಿತು. ಅದರ ಜೊತೆಗೇ ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ನಗರಸಭೆಗಳೂ ಕೆಂಗೇರಿ ಪುರಸಭೆಯೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಸುಮಾರು 226 ಚದರ ಕಿಲೋಮೀಟರ್ ಇದ್ದ ನಗರ ಒಂದೇ ಸಲಕ್ಕೆ 700 ಚದರ ಕಿಲೋಮೀಟರ್ ದಾಟಿತು. ಅಂದಿನ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಈ ಹಿಗ್ಗುವಿಕೆ. ಹೊಸೂರು ರಸ್ತೆ, ಬೇಗೂರು ರಸ್ತೆ, ಬನ್ನೇರುಘಟ್ಟ ರಸ್ತೆಗಳ ಆಸುಪಾಸಿನ ಲಕ್ಷಾಂತರ ಜನ ತಾವೇ ಮತ ಹಾಕಿ ಆರಿಸಿಕೊಂಡಿದ್ದ ಸಭೆಯೊಂದು ಮುಚ್ಚಿಹೋದದ್ದು ಹೆಚ್ಚು ಚರ್ಚೆಯಾಗಲಿಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದಕ್ಷಿಣ ಬೆಂಗಳೂರು ಬೆಳೆದಾಗಲೆಲ್ಲ ಮೊದಲು ಬಂದದ್ದು ಸೈಟು, ಆಮೇಲೆ ರಸ್ತೆ, ಅದರ ಹಿಂದೆ ನೀರು. ಜನ ಆರಿಸಿದ ಆಡಳಿತ ಎಲ್ಲಕ್ಕಿಂತ ಕೊನೆಗೆ ಬಂತು. ಈ ಕ್ರಮ ಬದಲಾದದ್ದು ಒಂದೇ ಸಲ, ಬೊಮ್ಮನಹಳ್ಳಿಯಲ್ಲಿ. ಅಲ್ಲಿ ನೀರಿನ ಕೊಳವೆ ತುಂಬುವ ಮೊದಲೇ ಜನರಿಗೆ ತಮ್ಮದೇ ನಗರಸಭೆ ಇತ್ತು. ಅದನ್ನು ಉಳಿಸಿಕೊಳ್ಳದೆ ಹೋದದ್ದು ದೊಡ್ಡ ತಪ್ಪು ಎಂಬುದು ಈ ಲೇಖನದ ವಾದ. ಆ ನಗರಸಭೆ ಚೆನ್ನಾಗಿ ನಡೆಯುತ್ತಿತ್ತು ಎಂದು ಹೇಳುವ ಉದ್ದೇಶ ನನಗಿಲ್ಲ. ಅದರ ಕೊರತೆಗಳು ಮುಂದೆ ಬರುತ್ತವೆ.

ಈ ಸೀಮೆಗೆ ತನ್ನದೇ ಆಡಳಿತದ ಘಟಕ ಇದ್ದದ್ದು ಹೊಸ ಸಂಗತಿಯಲ್ಲ. ಬೆಂಗಳೂರು ಎಂಬ ಹೆಸರು ಕಾಣಿಸುವ, ಕ್ರಿ.ಶ. 890ರ ಆಸುಪಾಸಿನ ಶಾಸನ ಸಿಕ್ಕಿದ್ದು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ. ಅದೇ ಬೇಗೂರಿನ ಇನ್ನೊಂದು ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಗದಲ್ಲಿ ಮಡಿದ ನಾಗತ್ತರನ ಪಟ್ಟವನ್ನು ಗಂಗ ದೊರೆ ಎರೆಯಪ್ಪ ಇರುಗನಿಗೆ ಕಟ್ಟಿ, ಬೆಂಪೂರು-12 ಎಂಬ ಹನ್ನೆರಡು ಹಳ್ಳಿಗಳ ನಾಡನ್ನು ಅವನಿಗೆ ಕೊಟ್ಟದ್ದನ್ನು ಅದು ಹೇಳುತ್ತದೆ. ಹಳ್ಳಿಗಳ ಹೆಸರನ್ನೂ ಪಟ್ಟಿ ಮಾಡುತ್ತದೆ. ಆ ಬೆಂಪೂರೇ ಇಂದಿನ ಬೇಗೂರು. ಕೆಂಪೇಗೌಡರ ಕೋಟೆ ಏಳುವುದಕ್ಕೆ ಆರು ಶತಮಾನಕ್ಕೂ ಮೊದಲೇ ಈ ಭಾಗದ ಹಳ್ಳಿಗಳು ಒಂದು ಗುಂಪಾಗಿ ಲೆಕ್ಕಕ್ಕೆ ಸಿಗುತ್ತಿದ್ದವು. ಮುಂದೆಯೂ ಇವು ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿ, ಉತ್ತರಹಳ್ಳಿ ಹೋಬಳಿಗಳಾಗಿ ಕಂದಾಯದ ದಾಖಲೆಗಳಲ್ಲಿ ಉಳಿದವು. ಇವತ್ತಿಗೂ ಇಲ್ಲಿ ಸೈಟಿನ ಕ್ರಯಪತ್ರ ತೆರೆದರೆ ಮೊದಲ ಪುಟದಲ್ಲೇ ಹೋಬಳಿಯ ಹೆಸರು ಇರುತ್ತದೆ.

ಪೇಟೆಯ ಕಡೆಯ ಕಥೆ ಬೇರೆ. 1862ರಲ್ಲಿ ಪೇಟೆಗೂ ದಂಡು ಪ್ರದೇಶಕ್ಕೂ ಪ್ರತ್ಯೇಕ ಮುನಿಸಿಪಲ್ ಮಂಡಳಿಗಳು ಬಂದವು. ದಂಡು ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. 1949ರಲ್ಲಿ ಎರಡನ್ನೂ ಕೂಡಿಸಿ ಬೆಂಗಳೂರು ನಗರ ಕಾರ್ಪೊರೇಷನ್ ರಚಿಸಲಾಯಿತು. ಊರನ್ನು ಹೊರಕ್ಕೆ ಬೆಳೆಸುವ ಕೆಲಸ ಮಾತ್ರ ಕಾರ್ಪೊರೇಷನ್ನಿನ ಕೈಗೆ ಬರಲಿಲ್ಲ. ಅದಕ್ಕಾಗಿ 1945ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿತ್ತು. ಹಳ್ಳಿಗಳ ಹೊಲ ವಶಪಡಿಸಿಕೊಂಡು, ನಕ್ಷೆ ಹಾಕಿ, ಸೈಟು ಹಂಚುವುದು ಆ ಬೋರ್ಡಿನ ಕೆಲಸ. ಅದು ಜನರು ಚುನಾಯಿಸಿದ ಸಂಸ್ಥೆಯಾಗಿರಲಿಲ್ಲ. ಒಂದು ಸಂಸ್ಥೆ ಊರು ಕಟ್ಟುವುದು, ಇನ್ನೊಂದು ಅದನ್ನು ಆಮೇಲೆ ವಹಿಸಿಕೊಂಡು ಕಸ ಗುಡಿಸಿ ದೀಪ ಹಚ್ಚುವುದು ಎಂಬ ಏರ್ಪಾಡು ಅಲ್ಲಿಂದ ಶುರುವಾಗಿ ಇಂದಿಗೂ ಮುಂದುವರಿದಿದೆ. ದಕ್ಷಿಣ ಬೆಂಗಳೂರಿನ ಅರ್ಧ ಕಷ್ಟಗಳು ಈ ಒಡಕಿನಿಂದ ಬಂದವು ಎಂದು ನಾನು ನಂಬಿದ್ದೇನೆ.

ಆ ಏರ್ಪಾಡಿನ ಅತ್ಯುತ್ತಮ ಫಲ ಜಯನಗರ. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಜಯಚಾಮರಾಜೇಂದ್ರ ಒಡೆಯರ್ ಹೆಸರು ಬಡಾವಣೆಗೆ ಬಂತು. ಅಶೋಕ ಪಿಲ್ಲರ್ ಆ ಸಮಾರಂಭದ ಗುರುತಾಗಿ ಇಂದಿಗೂ ನಿಂತಿದೆ. ಅಗಲ ರಸ್ತೆ, ಬ್ಲಾಕಿಗೊಂದು ಪಾರ್ಕು, ಶಾಲೆಗೆ ಆಟದ ಬಯಲಿಗೆ ಬಿಟ್ಟ ಜಾಗ, ನಾಲ್ಕನೇ ಬ್ಲಾಕಿನಲ್ಲಿ ಇಡೀ ದಕ್ಷಿಣಕ್ಕೆ ಸಾಕಾಗುವ ಮಾರುಕಟ್ಟೆ. ಇಷ್ಟು ಅಚ್ಚುಕಟ್ಟಾದ ಬಡಾವಣೆಯನ್ನು ಬೋರ್ಡು ಮತ್ತೆ ಕಟ್ಟಿದ್ದು ಕಡಿಮೆ. ಆದರೆ ಸಿದ್ದಾಪುರ, ಬೈರಸಂದ್ರ, ಯಡಿಯೂರಿನಂಥ ಹಳೆಯ ಊರುಗಳ ಗ್ರಾಮಠಾಣಗಳು ನಕ್ಷೆಯ ನಡುವೆ ಹಾಗೆಯೇ ಉಳಿದವು. ಅಗಲ ರಸ್ತೆ ತಟ್ಟನೆ ಕಿರಿದಾಗುವ ಕಡೆಯೆಲ್ಲ ಒಂದು ಹಳೆಯ ಊರು ಸಿಗುತ್ತದೆ. ಸೈಟು ಕೊಂಡವರಿಗೆ ಸಿಕ್ಕ ಮೋರಿ, ಪಾರ್ಕು, ನೆರಳು ಹೊಲ ಕೊಟ್ಟವರ ಬೀದಿಗೆ ತಲುಪಲು ದಶಕಗಳೇ ಹಿಡಿದವು.

1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಸಾರಕ್ಕಿ, ಮಾರೇನಹಳ್ಳಿ, ಪುಟ್ಟೇನಹಳ್ಳಿಗಳ ಕಡೆ ಹಂತ ಹಂತವಾಗಿ ಹರಡಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಈ ಮೂರೂರುಗಳ ಮೊದಲಕ್ಷರ ಸೇರಿ ಬಿಟಿಎಂ ಆಯಿತು. ಬನಶಂಕರಿ ಆರನೇ ಹಂತದವರೆಗೆ ಹೋಯಿತು. ಬಿಡಿಎ ಹಂಚಿದ ಸೈಟು ಎಲ್ಲರಿಗೂ ಸಾಲಲಿಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳು ಬಡಾವಣೆ ಹಾಕಿದವು. ಅದಕ್ಕೂ ಕೈ ಎಟುಕದವರು ರೆವಿನ್ಯೂ ಜಮೀನಿನಲ್ಲಿ ಮೂವತ್ತು-ನಲವತ್ತರ ಸೈಟು, ಕೆಲವೊಮ್ಮೆ ಇಪ್ಪತ್ತು-ಮೂವತ್ತರದ್ದು, ಕೊಂಡರು. ಭೂಪರಿವರ್ತನೆಯಾಗದ, ನಕ್ಷೆಗೆ ಮಂಜೂರಾತಿ ಇಲ್ಲದ ಈ ಬಡಾವಣೆಗಳಲ್ಲಿ ಮನೆಗಳು ಎದ್ದ ವೇಗವನ್ನು ಯಾವ ಕಚೇರಿಯೂ ಹಿಡಿಯಲಾಗಲಿಲ್ಲ. ಹೊಂಗಸಂದ್ರ, ಬಿಳೇಕಹಳ್ಳಿ, ಅರಕೆರೆ, ಕೋಣನಕುಂಟೆ, ಯಲಚೇನಹಳ್ಳಿ ಬೆಳೆದದ್ದು ಹೀಗೆ. ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳೂ ಎಲೆಕ್ಟ್ರಾನಿಕ್ಸ್ ಸಿಟಿಯೂ ಈ ಬೆಳವಣಿಗೆಗೆ ಜನರನ್ನು ತಂದವು.

ಕಾರ್ಪೊರೇಷನ್ ತನ್ನ ಎಲ್ಲೆಯನ್ನು ಆಗಾಗ ಹಿಗ್ಗಿಸಿತು. 1989ರಲ್ಲಿ ವಾರ್ಡುಗಳು 87 ಆದವು, 1995ರಲ್ಲಿ 100. ಜಯನಗರ, ಬನಶಂಕರಿಯ ಬಹುಭಾಗ, ಬಿಟಿಎಂ ಮೊದಲ ಹಂತ ಆ ಎಲ್ಲೆಯೊಳಗೆ. ಅದರಾಚೆ ಬೆಳೆದುನಿಂತ ಊರುಗಳಿಗೆ ಗ್ರಾಮ ಪಂಚಾಯಿತಿಯೇ ಗತಿಯಾಗಿತ್ತು. ಹೊಲದ ಊರಿಗೆಂದು ಮಾಡಿದ ಪಂಚಾಯಿತಿ ನಾಲ್ಕಂತಸ್ತಿನ ಬಾಡಿಗೆ ಮನೆಗಳ ಸಾಲಿಗೆ ಚರಂಡಿ ಮಾಡಿಸಬೇಕಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದ ಮೇಲೆ, ತೊಂಬತ್ತರ ದಶಕದ ನಡುವೆ, ನಗರದ ಸುತ್ತ ನಗರಸಭೆಗಳು ರಚನೆಯಾದವು. ಅವುಗಳಲ್ಲೊಂದು ಬೊಮ್ಮನಹಳ್ಳಿ. 2001ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ರಾಜ್ಯದ ಎಷ್ಟೋ ಜಿಲ್ಲಾ ಕೇಂದ್ರಗಳಿಗಿಂತ ದೊಡ್ಡ ಊರು ಅದು.

ನಗರಸಭೆ ನಡೆಯುತ್ತಿದ್ದದ್ದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ವಾರ್ಡಿಗೊಬ್ಬ ಸದಸ್ಯ, ಸದಸ್ಯರೊಳಗಿಂದ ಸರದಿಯ ಮೀಸಲಾತಿಯಂತೆ ಅಧ್ಯಕ್ಷ-ಉಪಾಧ್ಯಕ್ಷರು, ಸರ್ಕಾರ ಕಳಿಸಿದ ಪೌರಾಯುಕ್ತರು. ಮೂರನೇ ಒಂದು ಭಾಗದ ವಾರ್ಡುಗಳು ಮಹಿಳೆಯರಿಗೆ. ಬೇಗೂರು ರಸ್ತೆಯ ಕಚೇರಿಗೆ ಖಾತೆಗೋ ಕಂದಾಯ ಕಟ್ಟುವುದಕ್ಕೋ ಬಂದವರು ಅಲ್ಲೇ ತಮ್ಮ ವಾರ್ಡಿನ ಸದಸ್ಯರನ್ನು ಹಿಡಿಯಬಹುದಿತ್ತು. ಬೋರ್‌ವೆಲ್ ಕೊರೆಸುವುದು, ಮೋಟರು ಸುಟ್ಟರೆ ರಿಪೇರಿ ಮಾಡಿಸುವುದು, ಮಿನಿ ಟ್ಯಾಂಕ್ ಇಡಿಸುವುದು, ವಾಲ್ವ್‌ಮನ್ ಯಾವ ಬೀದಿಗೆ ಯಾವ ದಿನ ನೀರು ಬಿಡಬೇಕೆಂದು ಗೊತ್ತುಮಾಡುವುದು, ಸದಸ್ಯರ ದಿನದ ಬಹುಪಾಲು ಇದರಲ್ಲೇ ಹೋಗುತ್ತಿತ್ತು. ಕೆಲಸ ಚಿಕ್ಕದಿರಬಹುದು. ಆದರೆ ನೀರು ಬಾರದ ಮನೆಯವರಿಗೆ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು.

ಕೊರತೆ ಎಲ್ಲಿತ್ತು? ಮೊದಲನೆಯದಾಗಿ ನೀರಿನಲ್ಲಿ. 1964ರಲ್ಲಿ ಸ್ಥಾಪನೆಯಾದ ಜಲಮಂಡಳಿ ಕಾವೇರಿ ನೀರನ್ನು ಹರಿಸುತ್ತಿದ್ದದ್ದು ಮುಖ್ಯವಾಗಿ ಪಾಲಿಕೆಯ ಎಲ್ಲೆಯೊಳಗೆ. ನಗರಸಭೆ ವ್ಯಾಪ್ತಿಗೆ ಕೊಳವೆಬಾವಿ ಮತ್ತು ಟ್ಯಾಂಕರು. ಒಳಚರಂಡಿ ಇಲ್ಲದ ಬಡಾವಣೆಗಳ ಹೊಲಸು ನೀರು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಬೇಗೂರು ಕೆರೆಗಳ ದುರವಸ್ಥೆಯಲ್ಲಿ ನಗರಸಭೆಯ ಆ ದಶಕದ ಪಾಲು ದೊಡ್ಡದು. ಎರಡನೆಯದು ಖಾತೆ. ಮಂಜೂರಾತಿ ಇಲ್ಲದ ಬಡಾವಣೆಯ ಮನೆಯಿಂದ ಕಂದಾಯ ವಸೂಲು ಮಾಡದಿದ್ದರೆ ಬೊಕ್ಕಸ ಖಾಲಿ. ಮಾಡಿದರೆ ಅಕ್ರಮವನ್ನು ಒಪ್ಪಿಕೊಂಡ ಹಾಗೆ. ಈ ಇಕ್ಕಟ್ಟಿನಲ್ಲಿ ನಗರಸಭೆಗಳು ಖಾತೆ ಕೊಡುತ್ತಾ ಹೋದವು, ಅದರ ಸುತ್ತ ಭ್ರಷ್ಟಾಚಾರವೂ ಬೆಳೆಯಿತು. ಮುಂದೆ ಬೃಹತ್ ಪಾಲಿಕೆ ಇಂಥ ಆಸ್ತಿಗಳನ್ನು ಬಿ ವಹಿಗೆ ಸೇರಿಸಿದಾಗ ಲಕ್ಷಾಂತರ ಕುಟುಂಬಗಳು ಬಿ ಖಾತೆದಾರರಾಗಿ ಬ್ಯಾಂಕ್ ಸಾಲಕ್ಕೂ ನಕ್ಷೆ ಮಂಜೂರಾತಿಗೂ ಪರದಾಡಬೇಕಾಯಿತು. ಇದಕ್ಕೆ ನಗರಸಭೆಯನ್ನೊಂದೇ ದೂರುವುದು ನ್ಯಾಯವಲ್ಲ. ಬಡವರ, ಕೆಳ ಮಧ್ಯಮ ವರ್ಗದವರ ಕೈಗೆಟುಕುವ ಸೈಟನ್ನು ಸರ್ಕಾರದ ಯಾವ ಸಂಸ್ಥೆಯೂ ಸಾಕಷ್ಟು ಕೊಡದಿದ್ದಾಗ ಅವರು ಸಿಕ್ಕಲ್ಲಿ ಕೊಂಡರು. ಅವರ ಬೀದಿಗೆ ದೀಪ ಹಾಕಿಸಿದ ಕಚೇರಿ ನಗರಸಭೆಯೊಂದೇ.

ನೀರಿನ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಸಭೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. 2003ರ ಸುಮಾರಿಗೆ ಏಳು ನಗರಸಭೆ, ಒಂದು ಪುರಸಭೆಗಳಿಗೆ ಕಾವೇರಿ ನೀರು ತರುವ ಬೃಹತ್ ಬೆಂಗಳೂರು ನೀರು ಪೂರೈಕೆ ಮತ್ತು ಒಳಚರಂಡಿ ಯೋಜನೆ ಸಿದ್ಧವಾಯಿತು. ಹಣ ಬರಬೇಕಾದದ್ದು ಮೂರು ಕಡೆಯಿಂದ: ಸರ್ಕಾರದ ಪಾಲು, ಮಾರುಕಟ್ಟೆಯ ಸಾಲ, ಮತ್ತು ನಿವಾಸಿಗಳು ಸೈಟಿನ ಅಳತೆಗೆ ತಕ್ಕಂತೆ ಮುಂಗಡವಾಗಿ ಕಟ್ಟುವ ವಂತಿಗೆ. 2005ರಲ್ಲಿ ಈ ಎಂಟೂ ಸಂಸ್ಥೆಗಳ ಪರವಾಗಿ 100 ಕೋಟಿ ರೂಪಾಯಿಯ ಬಾಂಡ್ ಹೊರಬಂತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅದಕ್ಕೆ ಭಾಗಶಃ ಖಾತರಿ ಕೊಟ್ಟಿತು. ನಗರದ ಒಳಗಿನ ಜಯನಗರದವರು ಕೊಳವೆಗೆಂದು ಇಂಥ ಮುಂಗಡ ಕಟ್ಟಿರಲಿಲ್ಲ. ಹೊರಗಿನ, ಹೆಚ್ಚು ಬಡವರಾದ ಜನರಿಂದ ಅದನ್ನು ಕೇಳಲಾಯಿತು. ಜನ ಸಭೆಗಳಲ್ಲಿ ಪ್ರಶ್ನಿಸಿದರು, ಕೆಲವರು ಕಟ್ಟಲು ನಿರಾಕರಿಸಿದರು, ಬಹಳಷ್ಟು ಜನ ಕಟ್ಟಿದರು. ಕಟ್ಟಿದ ರಸೀದಿಯನ್ನು ತಮ್ಮ ಮನೆಯ ಹಕ್ಕಿಗೆ ಆಧಾರವೆಂದು ಜೋಪಾನ ಮಾಡಿಟ್ಟರು. ಭೂಗೋಳ ಸಂಶೋಧಕಿ ಮಾಲಿನಿ ರಂಗನಾಥನ್ ಬೆಂಗಳೂರಿನ ಅಂಚುಗಳ ಬಗ್ಗೆ ಮಾಡಿದ ಅಧ್ಯಯನ ಈ ನಡವಳಿಕೆಯನ್ನು ಬಹಳ ಹತ್ತಿರದಿಂದ ಕಂಡಿದೆ: ನೀರಿನ ಹಣ ಕಟ್ಟುವ ಮೂಲಕ ಜನ ಪೌರತ್ವದ ಹಕ್ಕನ್ನೂ ಕೇಳುತ್ತಿದ್ದರು. ಕೊಳವೆಗೆ ನೀರು ಬರುವ ಹೊತ್ತಿಗೆ ಹಣ ಕೇಳಿದ ನಗರಸಭೆಯೇ ಇರಲಿಲ್ಲ. ಲೆಕ್ಕ ಕೇಳಲು ಹೋದವರಿಗೆ ಪಾಲಿಕೆ ಜಲಮಂಡಳಿಯನ್ನು ತೋರಿಸಿತು.

ವಿಲೀನವೇ ತಪ್ಪೆಂದು ನಾನು ಹೇಳಲಾರೆ. ರಾಜಕಾಲುವೆಗೆ ವಾರ್ಡಿನ ಎಲ್ಲೆ ಗೊತ್ತಿಲ್ಲ, ಜೆ.ಪಿ. ನಗರದ ಮಳೆ ನೀರು ಅರಕೆರೆಗೋ ಹುಳಿಮಾವಿಗೋ ಹರಿಯುತ್ತದೆ. ಬಡ ಊರಿನ ಚರಂಡಿಗೆ ಸಿರಿವಂತ ಊರಿನ ತೆರಿಗೆ ಸಲ್ಲಬೇಕಾದರೆ ಎರಡೂ ಒಂದೇ ಬೊಕ್ಕಸದಲ್ಲಿರಬೇಕು. ಅದೇ 2007ರಲ್ಲಿ ಹೈದರಾಬಾದ್ ಕೂಡ ತನ್ನ ಸುತ್ತಲಿನ 12 ಪುರಸಭೆಗಳನ್ನು ಸೇರಿಸಿಕೊಂಡಿತು. ಪ್ರಶ್ನೆ ಇರುವುದು ಸೇರಿಸಿಕೊಂಡ ಮೇಲೆ ಏನನ್ನು ಉಳಿಸಿದೆವು ಎಂಬುದರಲ್ಲಿ. ಕಲ್ಕತ್ತೆ 1984ರಲ್ಲಿ ಸೌತ್ ಸಬರ್ಬನ್, ಗಾರ್ಡನ್ ರೀಚ್, ಜಾದವಪುರ ಪುರಸಭೆಗಳನ್ನು ಕಾರ್ಪೊರೇಷನ್ನಿಗೆ ಸೇರಿಸಿತು. ಆದರೆ ಅದರ ಕಾಯ್ದೆ ವಾರ್ಡುಗಳ ಗುಂಪಿಗೊಂದು ಬರೋ ಸಮಿತಿಯನ್ನು ಇಟ್ಟಿದೆ. ಆ ಗುಂಪಿನ ಕೌನ್ಸಿಲರುಗಳೇ ಅದರ ಸದಸ್ಯರು, ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಬೆಂಗಳೂರಿನಲ್ಲಿ ಬೊಮ್ಮನಹಳ್ಳಿ ವಲಯ, ಮಹದೇವಪುರ ವಲಯ, ದಾಸರಹಳ್ಳಿ ವಲಯ ಎಂದು ಹಳೆಯ ನಗರಸಭೆಗಳ ಹೆಸರು ಉಳಿದವು, ಬೇಗೂರು ರಸ್ತೆಯ ಕಚೇರಿಯೂ ಉಳಿಯಿತು. ಅದರ ತಲೆಯಲ್ಲಿ ಕೂತದ್ದು ಸರ್ಕಾರ ನೇಮಿಸಿದ ಜಂಟಿ ಆಯುಕ್ತರು. ವಲಯಕ್ಕೆ ಚುನಾಯಿತ ಸಭೆ ಇಲ್ಲ, ತನ್ನದೇ ಬಜೆಟ್ಟಿನ ಮೇಲೆ ಚರ್ಚೆ ಇಲ್ಲ. ಎರಡು ಲಕ್ಷ ಜನಕ್ಕೆ ಒಂದು ಸಭೆ ಇದ್ದ ಕಡೆ, 2010ರ ನಂತರ ಇಡೀ ಮಹಾನಗರಕ್ಕೆ 198 ಸದಸ್ಯರ ಒಂದೇ ಸಭೆಯಾಯಿತು. ಮೇಯರ್ ಅವಧಿ ಒಂದೇ ವರ್ಷ.

ಆ ಸಭೆಯೂ ತಡವಾಗಿಯೇ ಬಂತು. 2007ರ ಜನವರಿಯಲ್ಲಿ ನಗರಸಭೆ ಹೋಯಿತು. ಬೃಹತ್ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯದೇ ರಾಜ್ಯಭಾರ. ಆ ನಡುವೆಯೇ, 2009ರ ಏಪ್ರಿಲ್‌ನಲ್ಲಿ, ಜಯನಗರದ ನಂದಾ ರಸ್ತೆಯಲ್ಲಿ ಮೆಟ್ರೊಗಾಗಿ ಮರಗಳು ಉರುಳಿದವು. ಕಾರ್ಪೊರೇಷನ್ನಿನ ಒಬ್ಬ ನಿಷ್ಠಾವಂತ ಅಧಿಕಾರಿಯ ನೆನಪಿಗೆ ಲಕ್ಷ್ಮಣ ರಾವ್ ಬುಲೆವಾರ್ಡ್ ಎಂದು ಹೆಸರಾದ ಹಸಿರು ಪಟ್ಟಿ ಅದು. ನಾಗರಿಕರು ಬೀದಿಗಿಳಿದರು, ಬಂಧನಕ್ಕೊಳಗಾದರು. ಯೋಜನೆಯ ಒಳಿತು-ಕೆಡುಕು ಬೇರೆ ಮಾತು. ಆ ಚರ್ಚೆ ನಡೆಯಬೇಕಾದ ಚುನಾಯಿತ ಸಭೆ ಆಗ ಊರಲ್ಲೇ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 2015ರ ಏಪ್ರಿಲ್‌ನಲ್ಲಿ ಪಾಲಿಕೆಯನ್ನು ವಿಸರ್ಜಿಸಿ ಆ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು. ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 243 ವಾರ್ಡು, 225 ವಾರ್ಡು ಎಂದು ಪುನರ್ವಿಂಗಡಣೆಯ ಮೇಲೆ ಪುನರ್ವಿಂಗಡಣೆ, ಮೀಸಲಾತಿಯ ಮೊಕದ್ದಮೆ, ಚುನಾವಣೆ ಮಾತ್ರ ಇಲ್ಲ. ನಗರಸಭೆ ಹೋದ ದಿನದಿಂದ 2025ರವರೆಗಿನ ಹದಿನೆಂಟು ವರ್ಷಗಳಲ್ಲಿ ಬೊಮ್ಮನಹಳ್ಳಿಯವರಿಗೆ ಚುನಾಯಿತ ಕೌನ್ಸಿಲರ್ ಇದ್ದದ್ದು ಹತ್ತು ವರ್ಷ.

ಸಭೆ ಇಲ್ಲದ ಕಡೆ ಜನ ತಾವೇ ದಾರಿ ಹುಡುಕಿಕೊಂಡರು. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ನೆರೆಹೊರೆಯವರು ಟ್ರಸ್ಟ್ ಕಟ್ಟಿ, ಮುಂದಿನ ವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿಗಾ ವಹಿಸಿಕೊಂಡರು. ಅವರ ಕೆಲಸ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹೊಂಗಸಂದ್ರದ ಒಂದು ಕೋಣೆಯ ಬಾಡಿಗೆ ಮನೆಯಿಂದ ಬೆಳಗ್ಗೆ ಗಾರ್ಮೆಂಟ್ಸಿಗೆ ಹೊರಡುವ ಹೆಣ್ಣುಮಗಳಿಗೆ ಟ್ರಸ್ಟ್ ಕಟ್ಟುವ ಬಿಡುವಿಲ್ಲ. ಅವಳ ಕೈಲಿರುವುದು ವೋಟು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಾತಾಡುವ ಶಕ್ತಿ ಅವರಿಗಿದೆ. ತಮ್ಮ ಬೀದಿಯ ನೀರು, ದೀಪ, ಶೌಚಾಲಯದ ಬಗ್ಗೆ ಮಾತಾಡಲು ಅವರಿಗೆ ಹತ್ತಿರದ ಜಾಗ ಇಲ್ಲದಂತಾಗಿದೆ.

ಈಗ ಮತ್ತೊಂದು ತಿರುವು. 2014ರಲ್ಲಿ ಬಿ.ಎಸ್. ಪಾಟೀಲರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ ಪಾಲಿಕೆಯನ್ನು ವಿಭಜಿಸುವ ಸಲಹೆ ಕೊಟ್ಟಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾದವು. ಒಟ್ಟು 369 ವಾರ್ಡುಗಳು. ಮೇಯರ್ ಅವಧಿ ಮೂವತ್ತು ತಿಂಗಳು. ಜಯನಗರ, ಬಿಟಿಎಂ, ಬೊಮ್ಮನಹಳ್ಳಿಯ ಬಹುಭಾಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿವೆ. ಐದರ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ.

ಇದರಲ್ಲಿ ನನಗೆ ಸಂತೋಷ ಕೊಡುವ ಸಂಗತಿ ವಾರ್ಡುಗಳು ಚಿಕ್ಕದಾದದ್ದು. ಸದಸ್ಯ ಮತ್ತೆ ಕೈಗೆ ಸಿಗುವಷ್ಟು ಹತ್ತಿರ ಬರಬಹುದು. ಚಿಂತೆ ಹುಟ್ಟಿಸುವುದು ಬೇರೆ. ನೀರು ಜಲಮಂಡಳಿಯದು, ಮೆಟ್ರೊ ಅದರ ನಿಗಮದ್ದು, ಸೈಟು ಬಿಡಿಎಯದು, ಯೋಜನೆ ಪ್ರಾಧಿಕಾರದ್ದು. 1945ರ ಒಡಕು ಹಾಗೆಯೇ ಉಳಿದು, ಪಾಲಿಕೆಗಳ ಸಂಖ್ಯೆ ಮಾತ್ರ ಹೆಚ್ಚಿದರೆ ಬೊಮ್ಮನಹಳ್ಳಿಯವರಿಗೆ ಹೊಸದೇನೂ ದಕ್ಕದು. ದಿಲ್ಲಿ 2012ರಲ್ಲಿ ತನ್ನ ಪಾಲಿಕೆಯನ್ನು ಮೂರಾಗಿಸಿತು, 2022ರಲ್ಲಿ ಮತ್ತೆ ಒಂದಾಗಿಸಿತು. ಬಡ ಪಾಲಿಕೆಗಳಿಗೆ ಸಂಬಳ ಕೊಡಲೂ ಹಣವಿರಲಿಲ್ಲ ಎಂಬುದು ಅದರ ಮುಖ್ಯ ಕಾರಣಗಳಲ್ಲೊಂದು. ದಕ್ಷಿಣ ಪಾಲಿಕೆಯೊಳಗೆ ಜಯನಗರದಂಥ ಹಳೆಯ ಬಡಾವಣೆಯೂ ಕಾವೇರಿ ಐದನೇ ಹಂತದ ನೀರಿಗಾಗಿ 2024ರ ಅಕ್ಟೋಬರ್‌ವರೆಗೆ ಕಾದ ಹಳ್ಳಿಗಳೂ ಒಟ್ಟಿಗೆ ಇವೆ. ಇವುಗಳ ನಡುವೆ ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಬಜೆಟ್ಟಿನಲ್ಲಿ ವಾರ್ಡುವಾರು ತೋರಿಸುವಂತೆ ಜನ ಒತ್ತಾಯಿಸಬೇಕು. ಸಂವಿಧಾನದ 243-ಎಸ್ ವಿಧಿ ಹೇಳುವ ವಾರ್ಡ್ ಸಮಿತಿಗಳು ತಿಂಗಳಿಗೊಮ್ಮೆ ಕೂತು ನಡಾವಳಿ ಪ್ರಕಟಿಸಬೇಕು. ಕಲ್ಕತ್ತೆಯ ಬರೋ ಸಮಿತಿಯಂತೆ, ವಲಯದ ಸದಸ್ಯರೇ ಕೂಡಿ ತಮ್ಮ ಅಧ್ಯಕ್ಷರನ್ನು ಆರಿಸುವ ಸಮಿತಿ ಬೊಮ್ಮನಹಳ್ಳಿಗೂ ಬರಬೇಕು.

ಇನ್ನೊಂದು ಕೆಲಸಕ್ಕೆ ಚುನಾವಣೆಯವರೆಗೂ ಕಾಯಬೇಕಾಗಿಲ್ಲ. ಹಳೆಯ ನಗರಸಭೆಯ ನಡಾವಳಿ ಪುಸ್ತಕಗಳು, ಖಾತೆ ವಹಿಗಳು, ಅಭಿವೃದ್ಧಿ ಶುಲ್ಕದ ರಸೀದಿ ಪುಸ್ತಕಗಳು, ನೀರಿನ ವಂತಿಗೆಯ ಲೆಕ್ಕಗಳು ಎಲ್ಲೆಲ್ಲಿವೆಯೋ ಅಲ್ಲಿಂದ ತಂದು, ಸ್ಕ್ಯಾನ್ ಮಾಡಿಸಿ, ದಕ್ಷಿಣ ಪಾಲಿಕೆ ಸಾರ್ವಜನಿಕರಿಗೆ ತೆರೆದಿಡಬೇಕು. ಯಾವ ಬಡಾವಣೆಗೆ ಯಾವಾಗ ಒಪ್ಪಿಗೆ ಸಿಕ್ಕಿತು, ಯಾವ ಮೋರಿ ಎಲ್ಲಿಗೆ ಸೇರಬೇಕಿತ್ತು, ಯಾರು ಎಷ್ಟು ಹಣ ಕಟ್ಟಿದರು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಪುಸ್ತಕಗಳಲ್ಲಿ. ಬಿ ಖಾತೆಯ ಗೊಂದಲ ಬಿಡಿಸಲು ಹೊರಟ ಅಧಿಕಾರಿಗಳಿಗೂ, ಕೆರೆಯ ಎಲ್ಲೆಗಾಗಿ ಕೋರ್ಟು ಹತ್ತಿದ ನಿವಾಸಿಗಳಿಗೂ ಅವು ಬೇಕಾಗುತ್ತವೆ.